ರಕ್ತದಲ್ಲಿ ಯಕೃತ್ತಿನ ಕಿಣ್ವಗಳ ಏರಿಕೆ: ಅದರ ಕಾರಣಗಳೂ ಗ್ರಾಮಗಳಲ್ಲಿ ವಹಿಸತಕ್ಕ ಎಚ್ಚರಿಕೆಯೂ

ವ್ಯವಸಾಯಕ್ಕೆ ಭೂಮಿ, ನೀರು, ಗೊಬ್ಬರ, ಎತ್ತು ಇವು ಎಷ್ಟು ಅವಶ್ಯಕವೋ ದುಡಿಯತಕ್ಕವರ ದೇಹಾರೋಗ್ಯವೂ ಅಷ್ಟೇ ಅವಶ್ಯಕವಾದದ್ದು. ಎತ್ತು ಒಂದು ಹೊತ್ತು ಮೇವು ಬಿಟ್ಟರೆ ಯಜಮಾನನು ಆ ದಿನವೇ ವಿಚಾರಿಸುತ್ತಾನೆ. ಆಳು ಸೊರಗಿದರೆ ವಿಚಾರಣೆಯು ತಡವಾಗುವುದುಂಟು. ಈಚಿನ ವರ್ಷಗಳಲ್ಲಿ ಗ್ರಾಮಗಳಲ್ಲಿ ಆರೋಗ್ಯ ತಪಾಸಣೆಯ ಶಿಬಿರಗಳು ನಡೆಯುತ್ತಿರುವುದರಿಂದ ರಕ್ತಪರೀಕ್ಷೆಯ ಕಾಗದಗಳು ರೈತರ ಮನೆಗಳಿಗೂ ಬರುತ್ತಿವೆ. ಅವುಗಳಲ್ಲಿ ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಎಂಬ ಹೆಸರುಗಳ ಮುಂದಿರುವ ಅಂಕಿಯು ಅಚ್ಚಾದ ಮಿತಿಯನ್ನು ಮೀರಿದ್ದರೆ "ಇವನು ಕುಡಿಯುವವನು" ಎಂದು ನೆರೆಹೊರೆಯವರು ತೀರ್ಮಾನಿಸಿಬಿಡುವುದುಂಟು. ಮಿತಿಯೊಳಗಿದ್ದರೆ "ಏನೂ ಇಲ್ಲ" ಎಂದು ಕಾಗದವನ್ನು ಸೂರಿಗೆ ಸಿಕ್ಕಿಸಿ ಮರೆಯುವುದೂ ಉಂಟು. ಈ ಎರಡೂ ತೀರ್ಮಾನಗಳು ಸರಿಯಲ್ಲ. ಮೊದಲನೆಯದರಿಂದ ನಿರಪರಾಧಿಯೊಬ್ಬನಿಗೆ ಕೆಟ್ಟ ಹೆಸರು ಬರುತ್ತದೆ. ಎರಡನೆಯದರಿಂದ ನಿಜವಾದ ರೋಗವು ಒಳಗೊಳಗೇ ಬೆಳೆಯಲು ಅವಕಾಶವಾಗುತ್ತದೆ.

ಆ ಅಂಕಿಯು ಯಾವ ಯಾವ ಕಾರಣಗಳಿಂದ ಏರಬಹುದು, ಅವುಗಳಲ್ಲಿ ಮನುಷ್ಯನ ಕೈಯಲ್ಲಿರತಕ್ಕವು ಯಾವುವು, ಗ್ರಾಮದ ಯಜಮಾನರೂ ಜಮೀನಿನ ಒಡೆಯರೂ ಮಾಡಬಹುದಾದ ಕೆಲಸವೇನು ಎಂಬುದನ್ನು ಚಾಮರಾಜನಗರ ತಾಲ್ಲೂಕಿನ ಹರವೆ ಹೋಬಳಿ ಮತ್ತು ನೆರೆಯ ಗುಂಡ್ಲುಪೇಟೆ ತಾಲ್ಲೂಕಿನ ಸ್ಥಿತಿಗತಿಗಳಿಗೆ ಅನ್ವಯಿಸುವಂತೆ ಇಲ್ಲಿ ವಿವರಿಸಲಾಗಿದೆ.

ಯಕೃತ್ತೂ ಅದರ ಕಿಣ್ವಗಳೂ

ಯಕೃತ್ತು ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬುಗಳ ಮರೆಯಲ್ಲಿರತಕ್ಕ ದೊಡ್ಡ ಅಂಗ. ಬೆಳೆದ ಮನುಷ್ಯನಲ್ಲಿ ಇದರ ತೂಕವು ಸುಮಾರು ಒಂದೂವರೆ ಕಿಲೋಗ್ರಾಂ. ಉಂಡ ಆಹಾರದ ಸಾರವು ಕರುಳಿನಿಂದ ಮೊದಲು ಇಲ್ಲಿಗೇ ಬರುತ್ತದೆ. ಸಾರವನ್ನು ಶೇಖರಿಸುವುದು, ಬೇಕಾದಾಗ ಹೊರಕ್ಕೆ ಕೊಡುವುದು, ಪಿತ್ತರಸವನ್ನು ತಯಾರಿಸುವುದು, ವಿಷಪದಾರ್ಥಗಳನ್ನು ಮುರಿದು ನಿರುಪದ್ರವಗೊಳಿಸುವುದು ಇವೆಲ್ಲ ಇದರ ಕೆಲಸ. ಊರಿನ ಕಣಜವೂ ಸುಂಕದ ಕಟ್ಟೆಯೂ ಒಂದೇ ಮನೆಯಲ್ಲಿದ್ದರೆ ಹೇಗೋ ಹಾಗೆ ಯಕೃತ್ತು ದೇಹದಲ್ಲಿದೆ.

ಈ ಕೆಲಸಗಳನ್ನು ನಡೆಸಲು ಯಕೃತ್ತಿನ ಕಣಗಳೊಳಗೆ ಕಿಣ್ವಗಳೆಂಬ ಪದಾರ್ಥಗಳಿರುತ್ತವೆ. ಹಾಲಿಗೆ ಹೆಪ್ಪು ಹೇಗೋ ದೇಹದ ರಾಸಾಯನಿಕ ಕಾರ್ಯಗಳಿಗೆ ಕಿಣ್ವಗಳು ಹಾಗೆ. ಕಣಗಳು ಸವೆದು ಹೊಸವು ಹುಟ್ಟುವಾಗ ಈ ಕಿಣ್ವಗಳು ಸ್ವಲ್ಪಮಟ್ಟಿಗೆ ರಕ್ತಕ್ಕೆ ಸೇರುವುದು ಸಹಜ. ಕಣಗಳಿಗೆ ಪೆಟ್ಟು ಬಿದ್ದಾಗ ಹೆಚ್ಚಾಗಿ ಸೇರುತ್ತವೆ. ಹರಿದ ಗೋಣಿಚೀಲದಿಂದ ರಾಗಿ ಸುರಿಯುವಂತೆ ಅವು ಹೊರಬೀಳುತ್ತವೆ. ರಕ್ತಪರೀಕ್ಷೆಯಲ್ಲಿ ಅಳೆಯುವುದು ಹೀಗೆ ಹೊರಬಿದ್ದ ಕಿಣ್ವವನ್ನೇ.

ಮುಖ್ಯವಾದವು ಮೂರು. ಎ.ಎಲ್.ಟಿ. ಎಂಬುದು, ಅಂದರೆ ಕಾಗದಗಳಲ್ಲಿ ಎಸ್.ಜಿ.ಪಿ.ಟಿ. ಎಂದು ಬರೆದಿರತಕ್ಕದ್ದು, ಬಹುಭಾಗ ಯಕೃತ್ತಿಗೆ ಸೇರಿದ್ದು. ಎ.ಎಸ್.ಟಿ. ಅಥವಾ ಎಸ್.ಜಿ.ಓ.ಟಿ. ಎಂಬುದು ಯಕೃತ್ತಿನಲ್ಲಿ ಮಾತ್ರವಲ್ಲದೆ ಹೃದಯ, ಮಾಂಸಖಂಡ, ರಕ್ತದ ಕೆಂಪುಕಣ ಇವುಗಳಲ್ಲಿಯೂ ಇದೆ. ಮೂರನೆಯದಾದ ಜಿ.ಜಿ.ಟಿ.ಯು ಪಿತ್ತನಾಳಗಳಿಗೆ ಸಂಬಂಧಪಟ್ಟಿದ್ದು, ಮದ್ಯದಿಂದಲೂ ಕೆಲವು ಔಷಧಗಳಿಂದಲೂ ಬೇಗನೆ ಏರುತ್ತದೆ. ನ್ಯೂಯಾರ್ಕ್ ನಗರದಲ್ಲಿ ಲಾಡ್ಯೂ, ರಾಬ್ಲೆವ್‌ಸ್ಕಿ, ಕಾರ್ಮೆನ್ ಎಂಬ ವೈದ್ಯರು ೧೯೫೪-೫೫ರಲ್ಲಿ ಈ ಕಿಣ್ವಗಳನ್ನು ರಕ್ತದಲ್ಲಿ ಅಳೆಯುವ ಕ್ರಮವನ್ನು ಪ್ರಚುರಪಡಿಸಿದರು. ಅವರು ಎ.ಎಸ್.ಟಿ.ಯ ಏರಿಕೆಯನ್ನು ಮೊದಲು ಗುರುತಿಸಿದ್ದು ಹೃದಯಾಘಾತವಾದ ರೋಗಿಗಳಲ್ಲಿ. ಯಕೃತ್ತಿನ ರೋಗಿಗಳಲ್ಲಿ ಅನಂತರ. ಆದಕಾರಣ ಈ ಕಿಣ್ವವು ಏರಿದ ಮಾತ್ರಕ್ಕೆ ದೋಷವು ಯಕೃತ್ತಿನದೇ ಎಂದು ಹೇಳಲಾಗದೆಂಬುದು ಮೊದಲಿನಿಂದಲೂ ತಿಳಿದ ಸಂಗತಿ.

ಸಹಜವಾದ ಮಟ್ಟವೆಂದರೇನು

ಕಾಗದದಲ್ಲಿ ಅಚ್ಚಾಗಿರುವ ಮಿತಿಯು, ಆರೋಗ್ಯವಂತರೆಂದು ಭಾವಿಸಿದ ಒಂದು ಜನಸಮೂಹದ ರಕ್ತವನ್ನು ಅಳೆದು, ಅವರಲ್ಲಿ ಬಹುಮಂದಿಯ ಅಂಕಿಯು ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಗೆರೆ ಎಳೆದು ಗೊತ್ತುಮಾಡಿದ್ದು. ಆ ಸಮೂಹದಲ್ಲಿಯೇ ಯಕೃತ್ತಿನಲ್ಲಿ ಕೊಬ್ಬು ಸೇರಿದವರು ಅನೇಕರಿದ್ದರೆ ಗೆರೆಯು ತಾನಾಗಿ ಮೇಲಕ್ಕೆ ಹೋಗುತ್ತದೆ. ಇಟಲಿಯ ಮಿಲಾನ್ ನಗರದಲ್ಲಿ ೬,೮೩೫ ಮಂದಿ ರಕ್ತದಾನಿಗಳನ್ನು ಪರೀಕ್ಷಿಸಿ, ಅವರಲ್ಲಿ ತೂಕ ಹೆಚ್ಚಾದವರನ್ನೂ ಔಷಧ ಸೇವಿಸುವವರನ್ನೂ ಬೇರ್ಪಡಿಸಿ, ಎ.ಎಲ್.ಟಿ.ಯ ಮಿತಿಯು ಗಂಡಸರಿಗೆ ೩೦, ಹೆಂಗಸರಿಗೆ ೧೯ ಯೂನಿಟ್ ಎಂದು ೨೦೦೨ರಲ್ಲಿ ಪ್ರಕಟಿಸಲಾಯಿತು. ಅದಕ್ಕೆ ಮುಂಚೆ ಇದ್ದ ಮಿತಿಗಳು ಕ್ರಮವಾಗಿ ೪೦ ಮತ್ತು ೩೦. ಈಗಲೂ ಅನೇಕ ಪ್ರಯೋಗಶಾಲೆಗಳ ಕಾಗದಗಳಲ್ಲಿ ೪೦ ಅಥವಾ ಅದಕ್ಕೂ ಹೆಚ್ಚಿನ ಅಂಕಿಯೇ ಮಿತಿಯಾಗಿ ಅಚ್ಚಾಗಿರುತ್ತದೆ. ಆದ್ದರಿಂದ ೩೮ ಯೂನಿಟ್ ಬಂದ ಹೆಂಗಸೊಬ್ಬಳು ಕಾಗದದ ಪ್ರಕಾರ ಆರೋಗ್ಯವಂತಳಾದರೂ ವಿಚಾರಿಸತಕ್ಕ ಸ್ಥಿತಿಯಲ್ಲಿರಬಹುದು.

ಇದಲ್ಲದೆ ಒಬ್ಬನೇ ಮನುಷ್ಯನ ಅಂಕಿಯು ಒಂದು ದಿನದಿಂದ ಇನ್ನೊಂದು ದಿನಕ್ಕೆ ವ್ಯತ್ಯಾಸವಾಗುತ್ತದೆ. ಬೆಳಗ್ಗಿಗಿಂತ ಮಧ್ಯಾಹ್ನ ಹೆಚ್ಚಾಗಿರಬಹುದು. ತೆಗೆದ ರಕ್ತವನ್ನು ಸರಿಯಾಗಿ ಕಾಪಾಡದೆ ಕೆಂಪುಕಣಗಳು ಒಡೆದರೆ ಎ.ಎಸ್.ಟಿ. ಸುಳ್ಳಾಗಿ ಏರುತ್ತದೆ. ಒಂದೇ ಪರೀಕ್ಷೆಯಿಂದ ಯಾವ ತೀರ್ಮಾನಕ್ಕೂ ಬರಕೂಡದು.

ಹುಟ್ಟಿನಿಂದಲೂ ವಯಸ್ಸಿನಿಂದಲೂ ಬರತಕ್ಕ ವ್ಯತ್ಯಾಸ

ಸಾಮಾನ್ಯವಾಗಿ ಗಂಡಸರಲ್ಲಿ ಈ ಕಿಣ್ವಗಳ ಮಟ್ಟವು ಹೆಂಗಸರಿಗಿಂತ ಹೆಚ್ಚು. ನಡುವಯಸ್ಸಿನಲ್ಲಿ ಎ.ಎಲ್.ಟಿ. ಹೆಚ್ಚಾಗಿದ್ದು ಮುಪ್ಪಿನಲ್ಲಿ ಇಳಿಯುತ್ತದೆ. ಎ.ಎಲ್.ಪಿ. ಎಂಬ ಮತ್ತೊಂದು ಕಿಣ್ವವು ಬೆಳೆಯುವ ಮಕ್ಕಳಲ್ಲಿ ಮೂಳೆಯಿಂದಲೂ ಗರ್ಭಿಣಿಯರಲ್ಲಿ ಮಾಸಿನಿಂದಲೂ ಬರುವುದರಿಂದ ಅವರಲ್ಲಿ ಅದು ಏರಿದ್ದರೆ ಗಾಬರಿಪಡಬೇಕಾದದ್ದಿಲ್ಲ.

ವಂಶಪಾರಂಪರ್ಯವಾಗಿ ಬರತಕ್ಕ ಕಾರಣಗಳೂ ಉಂಟು. ಪಿ.ಎನ್.ಪಿ.ಎಲ್.ಎ.೩ ಎಂಬ ವಂಶವಾಹಿಯ ಒಂದು ಭೇದವುಳ್ಳವರ ಯಕೃತ್ತಿನಲ್ಲಿ ಕೊಬ್ಬು ಬೇಗನೆ ಸೇರುವುದೆಂದು ೨೦೦೮ರಲ್ಲಿ ಅಮೆರಿಕದ ವಿಜ್ಞಾನಿಗಳು ಕಂಡುಹಿಡಿದರು. ಒಂದೇ ಹಿಟ್ಟು ಒಂದೇ ಸಾರು ಉಂಡ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಅಂಕಿಯು ಏರಿ ಇನ್ನೊಬ್ಬನಿಗೆ ಏರದಿರುವುದಕ್ಕೆ ಇಂಥ ಭೇದಗಳೂ ಕಾರಣ. ಬಿಳಿಗಿರಿರಂಗನಬೆಟ್ಟದ ಸೋಲಿಗರಲ್ಲಿ ಕೆಲವರಿಗೆ ಕುಡುಗೋಲು ಕಣದ ರಕ್ತದೋಷವು ಹುಟ್ಟಿನಿಂದ ಬಂದಿರುತ್ತದೆ. ಈ ರೋಗವು ಪೂರ್ಣವಾಗಿ ಇರತಕ್ಕವರಲ್ಲಿ ಕೆಂಪುಕಣಗಳು ಬೇಗ ಒಡೆಯುವುದರಿಂದ ಎ.ಎಸ್.ಟಿ. ಏರುತ್ತದೆ, ಕಣ್ಣೂ ಹಳದಿಯಾಗುತ್ತದೆ. ಇದನ್ನು ಕುಡಿತದ ಗುರುತೆಂದು ಭಾವಿಸುವುದು ದೊಡ್ಡ ಅನ್ಯಾಯ.

ಕಾಯಕಷ್ಟದಿಂದ ಆಗತಕ್ಕ ಏರಿಕೆ

ಮಾಂಸಖಂಡಗಳಲ್ಲಿಯೂ ಈ ಕಿಣ್ವಗಳಿರುವುದರಿಂದ ಅಭ್ಯಾಸವಿಲ್ಲದ ಕಠಿನ ದುಡಿಮೆಯಾದ ಮೇಲೆ ಅವು ರಕ್ತದಲ್ಲಿ ಏರುತ್ತವೆ. ಭಾರ ಎತ್ತಿ ಅಭ್ಯಾಸವಿಲ್ಲದ ೧೫ ಮಂದಿ ಆರೋಗ್ಯವಂತ ಗಂಡಸರಿಂದ ಒಂದು ಗಂಟೆಯ ಕಾಲ ಭಾರ ಎತ್ತಿಸಿ ರಕ್ತವನ್ನು ಪರೀಕ್ಷಿಸಲಾಗಿ, ಎ.ಎಸ್.ಟಿ. ಮತ್ತು ಎ.ಎಲ್.ಟಿ. ಎರಡೂ ಕಡಮೆಯೆಂದರೆ ಏಳು ದಿನಗಳವರೆಗೆ ಏರಿದ ಸ್ಥಿತಿಯಲ್ಲಿಯೇ ಇದ್ದುವೆಂದು ೨೦೦೮ರಲ್ಲಿ ಪ್ರಕಟವಾಯಿತು. ಅರಿಶಿನ ಅಗೆಯುವ, ಕಬ್ಬಿನ ಹೊರೆ ಹೊರುವ, ಬಾವಿ ತೋಡುವ ಕಾಲದಲ್ಲಿ ಶಿಬಿರ ನಡೆದರೆ ಕೂಲಿಯಾಳುಗಳ ಅಂಕಿಗಳು ಏರಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಇಂಥ ಸಂದರ್ಭದಲ್ಲಿ ಸಿ.ಕೆ. ಎಂಬ ಮಾಂಸಖಂಡದ ಕಿಣ್ವವನ್ನು ಸಹ ಅಳೆದರೆ ನಿಜಸ್ಥಿತಿ ತಿಳಿಯುತ್ತದೆ. ಒಂದು ವಾರ ವಿಶ್ರಾಂತಿಯಾದ ಮೇಲೆ ಪುನಃ ಪರೀಕ್ಷಿಸುವುದು ಉತ್ತಮ.

ಆಹಾರವೂ ದೇಹದ ತೂಕವೂ

ಈಗ ಅಂಕಿಯ ಏರಿಕೆಗೆ ಎಲ್ಲಕ್ಕಿಂತ ಸಾಮಾನ್ಯವಾದ ಕಾರಣವು ಯಕೃತ್ತಿನಲ್ಲಿ ಕೊಬ್ಬು ಸೇರುವುದು. ಮದ್ಯವನ್ನು ಮುಟ್ಟದವರಲ್ಲಿಯೂ ಇದು ಉಂಟಾಗುತ್ತದೆ. ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿ ಉಂಡ ಅನ್ನ, ಸಕ್ಕರೆ, ಎಣ್ಣೆ ಇವುಗಳನ್ನು ಯಕೃತ್ತು ಕೊಬ್ಬಾಗಿ ಮಾಡಿ ತನ್ನೊಳಗೆ ಕೂಡಿಡುತ್ತದೆ. ಮಧುಮೇಹವುಳ್ಳವರಲ್ಲಿ ಇದು ಇನ್ನೂ ಹೆಚ್ಚು.

ಇದು ಪಟ್ಟಣದ ಸ್ಥೂಲಕಾಯರ ರೋಗವೆಂದು ಹಳ್ಳಿಯವರು ನಿಶ್ಚಿಂತರಾಗಿರುವಂತಿಲ್ಲ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಹಳ್ಳಿಗಳಲ್ಲಿ ೧,೯೧೧ ಮಂದಿಯನ್ನು ಪರೀಕ್ಷಿಸಿ ೨೦೧೦ರಲ್ಲಿ ಪ್ರಕಟಿಸಿದ ವರದಿಯಂತೆ ನೂರಕ್ಕೆ ೮.೭ರಷ್ಟು ಜನರಲ್ಲಿ ಯಕೃತ್ತಿನಲ್ಲಿ ಕೊಬ್ಬು ಸೇರಿತ್ತು. ಅವರಲ್ಲಿ ನೂರಕ್ಕೆ ೫೪ ಮಂದಿಗೆ ತೂಕವೂ ಹೆಚ್ಚಾಗಿರಲಿಲ್ಲ, ಹೊಟ್ಟೆಯೂ ಬಂದಿರಲಿಲ್ಲ. ಭಾರತೀಯರ ದೇಹದಲ್ಲಿ ಕೈಕಾಲುಗಳು ತೆಳ್ಳಗಿದ್ದರೂ ಕೊಬ್ಬು ಹೊಟ್ಟೆಯೊಳಗೆ ಸೇರುವ ಸ್ವಭಾವವುಂಟು. ಆದಕಾರಣ ತೂಕಕ್ಕಿಂತ ಸೊಂಟದ ಅಳತೆಯು ಹೆಚ್ಚು ಉಪಯುಕ್ತವಾದದ್ದು: ಗಂಡಸರಲ್ಲಿ ೯೦ ಸೆಂಟಿಮೀಟರ್, ಹೆಂಗಸರಲ್ಲಿ ೮೦ ಸೆಂಟಿಮೀಟರ್ ಮೀರಿದರೆ ಎಚ್ಚರಗೊಳ್ಳತಕ್ಕದ್ದು. ಕೇಂದ್ರ ಸರ್ಕಾರವು ೨೦೨೧ರ ಫೆಬ್ರವರಿಯಲ್ಲಿ ಈ ರೋಗವನ್ನು ಮಧುಮೇಹ, ಹೃದ್ರೋಗ ಮೊದಲಾದವುಗಳ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸೇರಿಸಿತು.

ಹರವೆಯ ಸೀಮೆಯು ಮಳೆಯ ಬೆಳೆಯನ್ನು ನಂಬಿದ ಸೀಮೆ. ರಾಗಿ, ಜೋಳ, ಹುರುಳಿ, ಅವರೆ ಇವು ಹಿಂದಿನಿಂದ ಬಂದ ಆಹಾರ. ನೇಗಿಲಿನ ಕೆಲಸವನ್ನು ಯಂತ್ರವೂ ನಡೆಯುವ ದಾರಿಯನ್ನು ಮೋಟಾರು ವಾಹನವೂ ವಹಿಸಿಕೊಂಡ ಮೇಲೆ ಜಮೀನಿನ ಒಡೆಯರ ಕಾಯಕಷ್ಟವು ಕಡಮೆಯಾಗಿದೆ. ಮೂರು ಹೊತ್ತೂ ಅಕ್ಕಿಯ ಅನ್ನ, ಸಕ್ಕರೆ ಹಾಕಿದ ಟೀ, ಕರಿದ ತಿಂಡಿ ಇವು ಬಂದಿವೆ. ದುಡಿಯುವ ಆಳಿಗಿಂತ ಕುಳಿತು ಲೆಕ್ಕ ನೋಡುವ ಯಜಮಾನನ ಯಕೃತ್ತಿಗೇ ಈ ಅಪಾಯವು ಹೆಚ್ಚು. ಪರಿಹಾರವು ಕಷ್ಟವಾದದ್ದಲ್ಲ. ದೇಹದ ತೂಕ ಹೆಚ್ಚಾಗಿದ್ದವರು ನೂರಕ್ಕೆ ಐದರಷ್ಟು ಇಳಿಸಿದರೆ ಕೊಬ್ಬು ಕರಗತೊಡಗುತ್ತದೆ. ಏಳರಿಂದ ಹತ್ತರಷ್ಟು ಇಳಿಸಿದರೆ ಯಕೃತ್ತಿನ ಉರಿಯೂ ಶಮನವಾಗುತ್ತದೆ. ಅನ್ನವನ್ನು ತಗ್ಗಿಸಿ ಕಾಳು, ಸೊಪ್ಪು, ತರಕಾರಿಗಳನ್ನು ಹೆಚ್ಚಿಸುವುದು, ರಾಗಿಯನ್ನು ಬಳಸಿದರೂ ಮಿತವಾಗಿ ಉಣ್ಣುವುದು, ದಿನಕ್ಕೆ ಅರ್ಧ ಗಂಟೆಗೆ ಕಡಮೆಯಿಲ್ಲದೆ ಬಿರುಸಾಗಿ ನಡೆಯುವುದು ಸಾಕು. ಕಾಫಿಯನ್ನು ಕುಡಿಯುವವರಲ್ಲಿ ಈ ಕಿಣ್ವಗಳ ಮಟ್ಟವು ಕಡಮೆಯಾಗಿರುವುದು ಅನೇಕ ದೇಶಗಳಲ್ಲಿ ಕಂಡುಬಂದಿದೆ. ಆದರೆ ಅದಕ್ಕೆ ಹಾಕುವ ಸಕ್ಕರೆಯು ಆ ಗುಣವನ್ನು ಕೆಡಿಸದಂತೆ ನೋಡಿಕೊಳ್ಳಬೇಕು.

ಮದ್ಯಪಾನ

ಮದ್ಯವು ಯಕೃತ್ತಿನ ಶತ್ರುವೆಂಬುದರಲ್ಲಿ ಸಂದೇಹವಿಲ್ಲ. ಕರ್ನಾಟಕದಲ್ಲಿ ೨೦೦೭ರ ಜುಲೈ ೧ರಿಂದ ಸಾರಾಯಿಯನ್ನು ನಿಷೇಧಿಸಲಾಯಿತು. ಆದರೆ ಬಾಟಲಿಯಲ್ಲಿಯೂ ಪೊಟ್ಟಣದಲ್ಲಿಯೂ ಮಾರತಕ್ಕ ಬ್ರಾಂದಿ, ವಿಸ್ಕಿ, ರಮ್ಮುಗಳು ಉಳಿದಿವೆ. ಇವುಗಳಲ್ಲಿ ನೂರಕ್ಕೆ ಸುಮಾರು ೪೩ ಭಾಗ ಮದ್ಯಸಾರವಿರುತ್ತದೆ. ೧೮೦ ಮಿಲಿಲೀಟರಿನ ಒಂದು ಪೊಟ್ಟಣದೊಳಗೆ ಸುಮಾರು ೬೦ ಗ್ರಾಂ ಶುದ್ಧ ಮದ್ಯಸಾರವಿದೆಯೆಂದು ಲೆಕ್ಕ. ಪ್ರತಿದಿನ ಇಷ್ಟು ಕುಡಿಯುವವನ ಯಕೃತ್ತಿನಲ್ಲಿ ಮೊದಲು ಕೊಬ್ಬು ಸೇರಿ, ಆಮೇಲೆ ಉರಿ ಹುಟ್ಟಿ, ಕೊನೆಗೆ ಅದು ಗಂಟುಗಂಟಾಗಿ ಗಟ್ಟಿಯಾಗುವ ಅಪಾಯವುಂಟು. ಹೆಂಗಸರಿಗೆ ಇದಕ್ಕಿಂತ ಕಡಮೆ ಪ್ರಮಾಣದಿಂದಲೇ ಹಾನಿಯಾಗುತ್ತದೆ.

ಮದ್ಯದಿಂದ ಕೆಟ್ಟ ಯಕೃತ್ತಿನಲ್ಲಿ ಎ.ಎಸ್.ಟಿ.ಯು ಎ.ಎಲ್.ಟಿ.ಗಿಂತ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚಾಗಿರುವುದುಂಟು, ಜಿ.ಜಿ.ಟಿ.ಯೂ ಏರಿರುತ್ತದೆ. ವೈದ್ಯರು ಇವೆಲ್ಲವನ್ನೂ ಕೂಡಿಸಿ ನೋಡಿ ಊಹಿಸುತ್ತಾರೆಯೇ ಹೊರತು ಒಂದೇ ಅಂಕಿಯಿಂದಲ್ಲ. ಸಂತೋಷದ ಸಂಗತಿಯೆಂದರೆ, ಯಕೃತ್ತು ಗಟ್ಟಿಯಾಗುವುದಕ್ಕೆ ಮುಂಚೆ ಕುಡಿತವನ್ನು ಬಿಟ್ಟರೆ ಕೆಲವು ವಾರಗಳಲ್ಲಿಯೇ ಅಂಕಿಗಳು ಇಳಿಯತೊಡಗುತ್ತವೆ. ಬಹುಕಾಲ ಹೆಚ್ಚಾಗಿ ಕುಡಿದವನು ಥಟ್ಟನೆ ಬಿಟ್ಟರೆ ನಡುಕ, ಭ್ರಮೆ, ಮೂರ್ಛೆ ಬರಬಹುದಾದ್ದರಿಂದ ವೈದ್ಯರ ಮೇಲ್ವಿಚಾರಣೆಯಲ್ಲಿ ಬಿಡಿಸತಕ್ಕದ್ದು.

ಔಷಧಗಳೂ ಗಿಡಮೂಲಿಕೆಗಳೂ

ಮೈಕೈ ನೋವಿಗೆ ಪ್ಯಾರಸಿಟಮಾಲ್ ಗುಳಿಗೆಯನ್ನು ಅಂಗಡಿಯಲ್ಲಿ ಕೊಂಡು ನುಂಗುವುದು ಎಲ್ಲೆಲ್ಲಿಯೂ ಇದೆ. ಬೆಳೆದವರು ದಿನಕ್ಕೆ ೪ ಗ್ರಾಂ ಮೀರಕೂಡದು. ಕುಡಿಯುವವರಿಗೂ ಅರೆಹೊಟ್ಟೆಯಲ್ಲಿರುವವರಿಗೂ ಇದಕ್ಕಿಂತ ಕಡಮೆಯೇ ಅಪಾಯಕರ. ಕ್ಷಯರೋಗದ ಔಷಧಗಳಾದ ಐಸೋನಿಯಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಇವುಗಳಿಂದಲೂ ಕಿಣ್ವಗಳು ಏರುತ್ತವೆ. ಅಲ್ಪ ಏರಿಕೆಯು ಬಹುಮಂದಿಯಲ್ಲಿ ತಾನಾಗಿ ಇಳಿಯುತ್ತದೆ. ರೋಗಿಯು ಹೆದರಿ ಔಷಧವನ್ನು ತಾನೇ ನಿಲ್ಲಿಸಿದರೆ ಕ್ಷಯವು ಮರುಕಳಿಸಿ ಮನೆಯವರಿಗೂ ಹರಡುತ್ತದೆ. ಆದರೆ ಕಣ್ಣು ಹಳದಿಯಾದರೆ, ವಾಂತಿಯಾದರೆ ಆ ದಿನವೇ ವೈದ್ಯರಿಗೆ ತೋರಿಸಬೇಕು.

ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂದು ಹೇಳುವಂತಿಲ್ಲ. ಚಾಮರಾಜನಗರದ ಸೀಮೆಯಲ್ಲಿ ಬೆಳೆಯುವ ಅರಿಶಿನವು ಅಡಿಗೆಯಲ್ಲಿ ಬಳಸುವ ಪ್ರಮಾಣದಲ್ಲಿ ಯಾವ ಹಾನಿಯನ್ನೂ ಮಾಡತಕ್ಕದ್ದಲ್ಲ. ಆದರೆ ಅದರ ಸತ್ವವನ್ನು ಸಾಂದ್ರಗೊಳಿಸಿ, ಕೆಲವು ವೇಳೆ ಮೆಣಸಿನ ಸತ್ವವನ್ನೂ ಸೇರಿಸಿ ಮಾಡಿದ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟಾದ ೧೦ ಪ್ರಕರಣಗಳನ್ನು ಅಮೆರಿಕದ ವೈದ್ಯರ ಒಂದು ಸಮೂಹವು ೨೦೨೨ರಲ್ಲಿ ವರದಿಮಾಡಿತು. ಅವರಲ್ಲಿ ಏಳು ಮಂದಿಗೆ ಒಂದೇ ಬಗೆಯ ವಂಶವಾಹಿಯ ಗುರುತಿತ್ತು, ಒಬ್ಬರು ತೀರಿಕೊಂಡರು. ಪದಾರ್ಥವು ಅದೇ ಆದರೂ ಪ್ರಮಾಣವೂ ಹುಟ್ಟುಗುಣವೂ ಸೇರಿ ಫಲವನ್ನು ಬೇರೆ ಮಾಡುತ್ತವೆಂಬುದಕ್ಕೆ ಇದು ದೃಷ್ಟಾಂತ. ಕಾಮಾಲೆಗೆ ಹಳ್ಳಿಗಳಲ್ಲಿ ಕೊಡುವ ಔಷಧಗಳಲ್ಲಿ ಏನೇನು ಸೇರಿದೆಯೆಂಬುದು ತಿಳಿಯದಿದ್ದಾಗ, ರೋಗಿಯು ಅದನ್ನು ಸೇವಿಸಿದ ಸಂಗತಿಯನ್ನು ವೈದ್ಯರಿಂದ ಮರೆಮಾಚಕೂಡದು.

ಸೋಂಕುಗಳು

ಯಕೃತ್ತಿನ ಉರಿಯನ್ನುಂಟುಮಾಡುವ ವೈರಸ್ಸುಗಳಲ್ಲಿ ಎ ಮತ್ತು ಇ ಎಂಬವು ಕೆಟ್ಟ ನೀರಿನಿಂದಲೂ ಆಹಾರದಿಂದಲೂ ಬರತಕ್ಕವು. ಇವು ಬಂದಾಗ ಅಂಕಿಯು ಸಾವಿರವನ್ನೂ ಮೀರಿ ಏರಿ, ಬಹುಮಂದಿಯಲ್ಲಿ ಪೂರ್ಣವಾಗಿ ಇಳಿಯುತ್ತದೆ; ಆದರೆ ಇ ವೈರಸ್ಸು ಗರ್ಭಿಣಿಯರಿಗೆ ಬಹಳ ಅಪಾಯಕರ. ಬಿ ಮತ್ತು ಸಿ ಎಂಬವು ರಕ್ತದ ಮೂಲಕ, ಅಶುದ್ಧವಾದ ಸೂಜಿ ಕ್ಷೌರದ ಕತ್ತಿಗಳ ಮೂಲಕ ಹರಡುತ್ತವೆ. ಬಿ ವೈರಸ್ಸು ತಾಯಿಯಿಂದ ಮಗುವಿಗೂ ಗಂಡಹೆಂಡಿರಲ್ಲಿ ಒಬ್ಬರಿಂದ ಒಬ್ಬರಿಗೂ ಬರುತ್ತದೆ. ಇವು ವರ್ಷಗಟ್ಟಲೆ ಗುಟ್ಟಾಗಿದ್ದು, ಅಂಕಿಯು ಸ್ವಲ್ಪ ಮಾತ್ರ ಏರಿರುವಾಗಲೇ ಯಕೃತ್ತನ್ನು ಕೆಡಿಸುತ್ತವೆ. ಬಿ ವೈರಸ್ಸಿಗೆ ಲಸಿಕೆಯಿದೆ; ೨೦೧೧ರಿಂದ ದೇಶದಲ್ಲೆಲ್ಲ ಶಿಶುಗಳಿಗೆ ಉಚಿತವಾಗಿ ಹಾಕಲಾಗುತ್ತಿದೆ. ಹುಟ್ಟಿದ ೨೪ ಗಂಟೆಗಳೊಳಗಾಗಿ ಮೊದಲನೆಯದನ್ನು ಹಾಕಿಸತಕ್ಕದ್ದು. ೨೦೧೮ರ ಜುಲೈ ೨೮ರಂದು ಪ್ರಾರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಮೇರೆಗೆ ಇವುಗಳ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.

ಬೂಷ್ಟು ಹಿಡಿದ ಕಡಲೆಕಾಯಿಯೂ ಧಾನ್ಯವೂ

ಇಲ್ಲಿಯವರೆಗೆ ಹೇಳಿದ ಕಾರಣಗಳು ವೈದ್ಯರ ಅಧೀನದಲ್ಲಿಯೂ ಆಯಾ ವ್ಯಕ್ತಿಯ ಅಧೀನದಲ್ಲಿಯೂ ಇವೆ. ಮುಂದೆ ಹೇಳತಕ್ಕದ್ದು ಪೂರ್ಣವಾಗಿ ವ್ಯವಸಾಯಗಾರನ ಕೈಯಲ್ಲಿದೆ.

ಇಂಗ್ಲೆಂಡಿನಲ್ಲಿ ೧೯೬೦ರಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತುವು. ಬ್ರೆಜಿಲಿನಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದ ಬೂಷ್ಟಿನಿಂದ ಹುಟ್ಟಿದ ವಿಷವೇ ಇದಕ್ಕೆ ಕಾರಣವೆಂದು ತಿಳಿದುಬಂತು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸುರುಹಳದಿ ಬೂಷ್ಟಿನ ಹೆಸರಿನಿಂದ ಆ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಇದು ಯಕೃತ್ತನ್ನೇ ಹಿಡಿಯತಕ್ಕ ವಿಷ.

ಮೈಸೂರಿನಲ್ಲಿಯೇ ಇದರ ಅನುಭವವಾಗಿದೆ. ಪೌಷ್ಟಿಕಾಂಶದ ಕೊರತೆಯಿಂದ ಮೈ ಊದಿಕೊಂಡ ಮಕ್ಕಳಿಗೆ ಸತ್ವಕ್ಕಾಗಿ ಕಡಲೆಕಾಯಿ ಹಿಟ್ಟನ್ನು ಕೊಡಲಾಗಿತ್ತು. ಆ ಹಿಟ್ಟಿನಲ್ಲಿ ಕಿಲೋಗ್ರಾಮಿಗೆ ಸುಮಾರು ೩೦೦ ಮೈಕ್ರೋಗ್ರಾಂ ವಿಷವಿದ್ದುದು ಆಮೇಲೆ ಗೊತ್ತಾಯಿತು. ಅದನ್ನು ತಿಂದ ೨೦ ಮಕ್ಕಳ ಯಕೃತ್ತಿಗೆ ಆದ ಹಾನಿಯನ್ನು ಮೈಸೂರಿನ ವೈದ್ಯರೂ ವಿಜ್ಞಾನಿಗಳೂ ೧೯೭೧ರಲ್ಲಿ ಪ್ರಕಟಿಸಿದರು. ೧೯೭೪ರ ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸ್‌ವಾಡಾ ಸೀಮೆಗಳಲ್ಲಿ ಮಳೆಯಲ್ಲಿ ನೆನೆದು ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ಉಂಡು ೩೯೭ ಮಂದಿಗೆ ಕಾಮಾಲೆ, ಹೊಟ್ಟೆಯ ಬಾವು ಬಂದು ೧೦೬ ಮಂದಿ ಸತ್ತರು. ಅದೇ ಮನೆಗಳಲ್ಲಿ ಅದೇ ಆಹಾರವನ್ನು ತಿಂದ ನಾಯಿಗಳೂ ಸತ್ತುವು. ಬೇರೆ ಧಾನ್ಯವನ್ನು ಕೊಳ್ಳಲು ಗತಿಯಿಲ್ಲದ ಬಡವರೇ ಇದಕ್ಕೆ ಬಲಿಯಾದವರು.

ನಮ್ಮ ದೇಶದ ಆಹಾರದ ಕಾನೂನಿನಂತೆ ಧಾನ್ಯಗಳಲ್ಲಿ ಕಿಲೋಗ್ರಾಮಿಗೆ ೧೫ ಮೈಕ್ರೋಗ್ರಾಂ ಮೀರಿ ಈ ವಿಷವಿರಕೂಡದು. ಒಂದು ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಕಣ್ಣಿಗೆ ಕಾಣದ, ನಾಲಿಗೆಗೆ ತಿಳಿಯದ ಪ್ರಮಾಣವಿದು. ಬೇಯಿಸಿದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಬೂಷ್ಟನ್ನು ಒರಸಿ ಬಿಸಿಲಿಗೆ ಹಾಕಿದರೂ ಒಳಗಿಳಿದ ವಿಷವು ಉಳಿಯುತ್ತದೆ. ಸ್ವಲ್ಪಸ್ವಲ್ಪವಾಗಿ ಬಹುಕಾಲ ದೇಹಕ್ಕೆ ಸೇರಿದಾಗ ರಕ್ತದ ಕಿಣ್ವಗಳು ಏರದೆಯೇ ಯಕೃತ್ತಿನ ಅರ್ಬುದಕ್ಕೆ ದಾರಿಯಾಗಬಹುದು; ಬಿ ವೈರಸ್ಸು ಇದ್ದವರಲ್ಲಿ ಈ ಅಪಾಯವು ಅನೇಕ ಪಟ್ಟು ಹೆಚ್ಚು. ಆದಕಾರಣ ರಕ್ತಪರೀಕ್ಷೆಯನ್ನು ನಂಬಿ ಕಣದ ಎಚ್ಚರಿಕೆಯನ್ನು ಬಿಡುವಂತಿಲ್ಲ.

ಈ ಸೀಮೆಯಲ್ಲಿ ಮಳೆಯು ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮತ್ತೊಮ್ಮೆ ಹೆಚ್ಚಾಗುತ್ತದೆ. ಮುಂಗಾರಿನ ಕಡಲೆಕಾಯಿಯನ್ನು ಕೀಳುವ ಹೊತ್ತಿಗೆ ಉತ್ತರೆ, ಹಸ್ತ, ಚಿತ್ತೆಯ ಮಳೆಗಳು ಎದುರಾಗುತ್ತವೆ. ಆಗ ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು:

೧. ಹೂ ಬಿಡುವ ಕಾಲದಲ್ಲಿ ಎಕರೆಗೆ ಸುಮಾರು ೨೦೦ ಕಿಲೋಗ್ರಾಂ ಜಿಪ್ಸಂ ಹಾಕುವುದರಿಂದ ಕಾಯಿಯ ಸಿಪ್ಪೆ ಗಟ್ಟಿಯಾಗಿ ಬೂಷ್ಟು ಒಳಹೋಗುವುದು ಕಡಮೆಯಾಗುತ್ತದೆ. ಬಲಿಯುವ ಕೊನೆಯ ವಾರಗಳಲ್ಲಿ ಬರ ಬಿದ್ದರೆ, ಅನುಕೂಲವಿದ್ದವರು ಒಂದು ನೀರು ಕೊಡುವುದು ಲೇಸು.

೨. ಕಾಯಿ ಬಲಿತೊಡನೆ ಕೀಳಬೇಕು. ಗುದ್ದಲಿಯ ಪೆಟ್ಟು ತಗುಲಿದ ಕಾಯಿಯನ್ನು ಬೇರೆ ಇಡಬೇಕು.

೩. ಕಿತ್ತ ಗಿಡಗಳನ್ನು ಹಸಿಯಾಗಿ ಮೆದೆ ಹಾಕದೆ ಕಾಯಿ ಮೇಲಾಗಿ ಒಣಗಿಸಬೇಕು. ಕಾಯಿಯನ್ನು ಅಲುಗಿಸಿದರೆ ಬೀಜವು ಸದ್ದುಮಾಡಬೇಕು. ತೇವವು ನೂರಕ್ಕೆ ೮ರಷ್ಟಕ್ಕೆ ಇಳಿದಿರುವುದು ಸರಿಯಾದ ಹದ. ಮುಸುಕಿನ ಜೋಳಕ್ಕೆ ೧೩ಕ್ಕೆ ಹೆಚ್ಚಾಗಕೂಡದು.

೪. ಸುಲಿಯಲು ಸುಲಭವೆಂದು ಒಣಗಿದ ಕಾಯಿಗೆ ನೀರು ಚಿಮುಕಿಸುವ ಪದ್ಧತಿಯನ್ನು ಬಿಡಬೇಕು.

೫. ಚೀಲಗಳನ್ನು ನೆಲಕ್ಕೂ ಗೋಡೆಗೂ ತಗುಲದಂತೆ ಹಲಗೆಯ ಮೇಲೆ ಜೋಡಿಸಬೇಕು. ನೀರು ಇಳಿದ ಹಗೇವಿನ ಧಾನ್ಯದಲ್ಲಿ ಅಂಚಿನ ಬೂಷ್ಟಿನ ಪದರವನ್ನು ಹೊರತೆಗೆಯದೆ ಬೆರಸಕೂಡದು.

೬. ಮುರುಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಬೀಜವನ್ನು ಆರಿಸಿ ತೆಗೆದು ಸುಡಬೇಕು ಅಥವಾ ಹೂಳಬೇಕು.

ಈ ಆರನೆಯ ಕ್ರಮವೇ ಬಹಳ ಮುಖ್ಯವಾದದ್ದು. ಆರಿಸಿ ತೆಗೆದ ಕೆಟ್ಟ ಕಾಳನ್ನು ಎಸೆಯಲು ಮನಸ್ಸು ಬಾರದೆ, ಒಳ್ಳೆಯದನ್ನು ಮಂಡಿಗೆ ಕಳುಹಿಸಿ, ಕೆಟ್ಟದ್ದನ್ನು ಆಳುಗಳ ಪಡಿಗೆ ಅಳೆಯುವುದೂ ಗಾಣಕ್ಕೆ ಹಾಕುವುದೂ ದನಕ್ಕೆ ಚೆಲ್ಲುವುದೂ ಉಂಟು. ಗಾಣದಲ್ಲಿ ವಿಷದ ಬಹುಭಾಗವು ಹಿಂಡಿಯಲ್ಲಿ ಉಳಿದು, ಸ್ವಲ್ಪ ಭಾಗವು ಶುದ್ಧೀಕರಿಸದ ಎಣ್ಣೆಗೂ ಹೋಗುತ್ತದೆ. ಆ ಹಿಂಡಿಯನ್ನು ತಿಂದ ಹಸುವಿನ ಹಾಲಿನಲ್ಲಿ ಒಂದು ದಿನದೊಳಗಾಗಿ ಅಫ್ಲಟಾಕ್ಸಿನ್ ಎಂ೧ ಎಂಬ ರೂಪದಲ್ಲಿ ವಿಷವು ಕಾಣಿಸಿಕೊಳ್ಳುತ್ತದೆ. ಹಾಲಿನಲ್ಲಿ ಕಿಲೋಗ್ರಾಮಿಗೆ ೦.೫ ಮೈಕ್ರೋಗ್ರಾಂ ಕಾನೂನಿನ ಮಿತಿ. ಹೀಗೆ ಆಳಿಗೆ ಅಳೆದದ್ದು ಆಳಿನ ಮನೆಗೆ ಹೋದರೆ, ದನಕ್ಕೆ ಚೆಲ್ಲಿದ್ದು ಯಜಮಾನನ ಮಕ್ಕಳ ಹಾಲಿಗೇ ಹಿಂದಿರುಗುತ್ತದೆ.

ದನಕರುಗಳ ಯಕೃತ್ತು

ಪಶುವೈದ್ಯರೂ ದನಗಳ ರಕ್ತದಲ್ಲಿ ಎ.ಎಸ್.ಟಿ., ಜಿ.ಜಿ.ಟಿ.ಗಳನ್ನು ಅಳೆಯುವುದುಂಟು. ಬಂಡೀಪುರದ ಕಾಡಂಚಿನಲ್ಲಿಯೂ ಬೀಳು ಜಮೀನುಗಳಲ್ಲಿಯೂ ಹಬ್ಬಿರುವ ಲಂಟಾನ ಗಿಡದ ಎಲೆಯು ಯಕೃತ್ತಿಗೆ ವಿಷ. ಬೇಸಗೆಯಲ್ಲಿ ಮೇವಿಲ್ಲದಾಗ, ಅದರಲ್ಲಿಯೂ ಹೊರಗಿನಿಂದ ಹೊಸದಾಗಿ ತಂದ ದನಗಳು ಅದನ್ನು ತಿನ್ನುತ್ತವೆ. ಮೇವು ಬಿಡುವುದು, ಸಗಣಿ ಕಟ್ಟುವುದು, ಕಣ್ಣು ಹಳದಿಯಾಗುವುದು, ಬಿಸಿಲಿಗೆ ಮೂತಿಯ ಮತ್ತು ಬಿಳಿಯ ಭಾಗದ ಚರ್ಮ ಒಡೆಯುವುದು ಇದರ ಲಕ್ಷಣಗಳು. ಅಂಥ ದನವನ್ನು ಕೂಡಲೆ ನೆರಳಿನಲ್ಲಿ ಕಟ್ಟಿ ಪಶುವೈದ್ಯರನ್ನು ಕರೆಯತಕ್ಕದ್ದು.

ಗ್ರಾಮದ ಯಜಮಾನರು ಮಾಡತಕ್ಕ ಕಾರ್ಯಗಳು

ಶಿಬಿರವನ್ನು ಏರ್ಪಡಿಸುವ ಮುಂಚೆ, ಹಿಂದಿನ ಒಂದು ವಾರ ಅಭ್ಯಾಸವಿಲ್ಲದ ಭಾರದ ಕೆಲಸವನ್ನು ಮಾಡಿದವರು ಅದನ್ನು ವೈದ್ಯರಿಗೆ ತಿಳಿಸುವಂತೆಯೂ, ಸೇವಿಸುತ್ತಿರುವ ಗುಳಿಗೆ, ಕಷಾಯ, ಚೂರ್ಣಗಳನ್ನೆಲ್ಲ ಸಂಗಡ ತರುವಂತೆಯೂ ಹೇಳಿಸಬೇಕು. ಪರೀಕ್ಷೆಯ ಕಾಗದಗಳನ್ನು ಚಾವಡಿಯಲ್ಲಿ ಕೂಗಿ ಓದಿಸದೆ ಅವರವರ ಕೈಗೇ ಕೊಡಿಸಬೇಕು. ಅಂಕಿಯು ಸ್ವಲ್ಪ ಏರಿದ್ದವರು ಕೆಲವು ವಾರಗಳ ಮೇಲೆ ಪುನಃ ಪರೀಕ್ಷಿಸಿಕೊಳ್ಳುವಂತೆಯೂ, ಎರಡನೆಯ ಸಾರಿಯೂ ಏರಿದ್ದರೆ ಬಿ ಮತ್ತು ಸಿ ವೈರಸ್ಸು, ಮಧುಮೇಹ, ಹೊಟ್ಟೆಯ ಸ್ಕ್ಯಾನಿಂಗು ಇವುಗಳ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗೆ ಹೋಗುವಂತೆಯೂ ಒತ್ತಾಯಪಡಿಸಬೇಕು. ಯಕೃತ್ತು ಪೂರ್ಣವಾಗಿ ಗಟ್ಟಿಯಾದವರಲ್ಲಿ ಹೊರಬೀಳಲು ಕಣಗಳೇ ಕಡಮೆಯಾಗಿ ಅಂಕಿಯು ಸಹಜವಾಗಿ ಕಾಣಬಹುದು. ಆದ್ದರಿಂದ ಕಣ್ಣು ಹಳದಿ, ಕಪ್ಪಗಿನ ಮೂತ್ರ, ಹೊಟ್ಟೆಯ ಬಾವು, ರಕ್ತವಾಂತಿ, ಮಂಕು ಇವುಗಳಲ್ಲಿ ಯಾವುದೊಂದು ಕಂಡರೂ ಅಂಕಿಯನ್ನು ಕಾಯದೆ ಆ ದಿನವೇ ಆಸ್ಪತ್ರೆಗೆ ಕಳುಹಿಸಬೇಕು.

ಅಂಕಿ ಏರಿದೆಯೆಂಬ ಕಾರಣದಿಂದ ಯಾವ ಆಳನ್ನೂ ಕೆಲಸದಿಂದ ಬಿಡಿಸಕೂಡದು. ಹುಡುಗಿಯ ಅಥವಾ ಹುಡುಗನ ಸಂಬಂಧವನ್ನೂ ತಪ್ಪಿಸಕೂಡದು. ದುಡಿಮೆ, ಔಷಧ, ತೂಕ, ಸೋಂಕು, ಹುಟ್ಟುಗುಣ, ಆಹಾರ, ಮದ್ಯ ಈ ಏಳನ್ನೂ ವಿಚಾರಿಸಿದ ಮೇಲೆಯೇ ವೈದ್ಯರು ಕಾರಣವನ್ನು ಹೇಳಬಲ್ಲರು. ಅವರು ಹೇಳುವುದಕ್ಕೆ ಮುಂಚೆ ಊರು ಹೇಳುವುದು ಯುಕ್ತವಲ್ಲ.

ಬೆಳೆಯ ಕಾಲದಲ್ಲಿ ಒಣಗಿಸಲು ಸಣ್ಣ ರೈತರಿಗೆ ಕಣವಿಲ್ಲದಿದ್ದರೆ ಊರಿನ ಸಾಮೂಹಿಕ ಕಣವನ್ನೂ ದೊಡ್ಡ ಟಾರ್ಪಾಲುಗಳನ್ನೂ ಪಂಚಾಯಿತಿಯಿಂದ ಒದಗಿಸಬಹುದು. ಪಡಿಯಾಗಿ ಅಳೆಯುವ ಧಾನ್ಯವು ಯಜಮಾನನ ಮನೆಯಲ್ಲಿ ಬೀಸುವ ಧಾನ್ಯದ ರಾಶಿಯಿಂದಲೇ ಬರಬೇಕೆಂದು ಗ್ರಾಮದ ಹಿರಿಯರು ಒಂದು ಕಟ್ಟುಪಾಡನ್ನು ಮಾಡಿದರೆ, ಅದರಿಂದ ಆಗುವ ಉಪಕಾರವು ಅನೇಕ ಶಿಬಿರಗಳಿಂದ ಆಗುವುದಕ್ಕಿಂತ ಕಡಮೆಯಾಗದು. ಬರುವ ಹಸ್ತದ ಮಳೆಗೆ ಮುಂಚೆಯೇ ಈ ಏರ್ಪಾಡುಗಳನ್ನು ಮಾಡಿಕೊಳ್ಳುವುದು ಲೇಸು.